ಎಡ ಮುಂದಿನ ಟೈರಿನ ಹೊರ ಅಂಚು: ಟ್ರ್ಯಾಕ್ ಡೇಗೆ ಕಾರನ್ನು ಹದ ಮಾಡಿದ ನನ್ನ ಅನುಭವ

ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಮೊದಲ ಟ್ರ್ಯಾಕ್ ಡೇ ಮುಗಿಸಿದ ಮರುದಿನ ಬೆಳಿಗ್ಗೆ, ಕಾರಿನ ಎಡ ಮುಂದಿನ ಟೈರಿನ ಮೇಲೆ ಕೈ ಆಡಿಸಿದೆ. ಒಳಭಾಗದಲ್ಲಿ ಬಟನ್ ಹೊಸದರ ಹಾಗೇ ಇತ್ತು. ಹೊರ ಅಂಚು ಮಾತ್ರ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿದಂತೆ ದುಂಡಗಾಗಿತ್ತು. ಅಲ್ಲಲ್ಲಿ ರಬ್ಬರ್ ಸಣ್ಣ ಸುರುಳಿಗಳಾಗಿ ಎದ್ದು ನಿಂತಿತ್ತು. ಆ ಟ್ರ್ಯಾಕಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡಿಸಬೇಕು, ಬಲ ತಿರುವುಗಳೇ ಜಾಸ್ತಿ. ಹಾಗಾಗಿ ಭಾರವೆಲ್ಲ ಎಡ ಮುಂದಿನ ಟೈರಿನ ಮೇಲೆ ಬೀಳುತ್ತದೆ. ನನ್ನದು ಮುಂದಿನ ಚಕ್ರಗಳಿಂದ ಎಳೆಯುವ ಹ್ಯಾಚ್‌ಬ್ಯಾಕ್. ಎಳೆಯುವ ಕೆಲಸವೂ ಅದಕ್ಕೇ, ತಿರುಗಿಸುವ ಕೆಲಸವೂ ಅದಕ್ಕೇ.

ಆ ಅಂಚು ಏನು ಹೇಳುತ್ತಿದೆ ಎಂದು ನನಗೆ ಆಗ ಗೊತ್ತಾಗಲಿಲ್ಲ. ಕಾರು ವಾಲುತ್ತಿದೆ, ತಗ್ಗಿಸಿದರೆ ಸರಿಹೋಗುತ್ತದೆ ಎಂದುಕೊಂಡು 40 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ಹಾಕಿಸಿದೆ. ನೋಡಲು ಚೆನ್ನಾಗಿತ್ತು. ಓಡಿಸಿದಾಗ ಮೊದಲಿಗಿಂತ ಕೆಟ್ಟದಾಗಿತ್ತು. ತಿರುವಿನ ನಡುವೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗೇ ಹೋಗುತ್ತಿತ್ತು.

ಕಾರಣ ಎರಡು. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರನ್ನು ತುಂಬ ಇಳಿಸಿದರೆ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ನಿಲ್ಲುತ್ತದೆ. ಆಗ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ಭಾರದ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ವಾಲಿಸುವ ಬಲ ಜಾಸ್ತಿ. ಎರಡನೆಯದನ್ನು ಕಣ್ಣಾರೆ ಕಂಡೆ. ಡ್ಯಾಂಪರಿನ, ಅಂದರೆ ಶಾಕ್ ಅಬ್ಸಾರ್ಬರಿನ, ರಾಡಿಗೆ ಒಂದು ಜಿಪ್ ಟೈ ಸುತ್ತಿ ಕೆಳಕ್ಕೆ ತಳ್ಳಿಟ್ಟೆ. ನಾಲ್ಕು ಲ್ಯಾಪ್ ಹೊಡೆದು ಬಂದು ನೋಡಿದರೆ ಅದು ಬಂಪ್ ಸ್ಟಾಪಿಗೆ, ಅಂದರೆ ಡ್ಯಾಂಪರ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡಿಗೆ, ಅಂಟಿಕೊಂಡಿತ್ತು. ಅಂದರೆ ತಿರುವಿನಲ್ಲಿ ಕಾರು ಸ್ಪ್ರಿಂಗ್ ಮೇಲೆ ಅಲ್ಲ, ಬಂಪ್ ಸ್ಟಾಪ್ ಮೇಲೆ ಕೂತಿತ್ತು. ಆ ಕ್ಷಣದಲ್ಲಿ ಮುಂಭಾಗ ಒಮ್ಮೆಲೇ ಗಟ್ಟಿಯಾಗುತ್ತದೆ, ಗ್ರಿಪ್ ಕೈಕೊಡುತ್ತದೆ. ಈಗ ಕಾರು ಮೂಲ ಎತ್ತರಕ್ಕಿಂತ 20 ಮಿಲಿಮೀಟರ್ ಮಾತ್ರ ತಗ್ಗಿದೆ. ಸ್ಪ್ರಿಂಗ್ ಮೊದಲಿನದಕ್ಕಿಂತ ಗಟ್ಟಿ. ಆ ಜಿಪ್ ಟೈ ಇನ್ನೂ ಅಲ್ಲೇ ಇದೆ.

ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ಗಾಳಿಯಿಂದ ಶುರುಮಾಡಿದೆ. ಮೊದಲ ದಿನ ಬಾಗಿಲಿನ ಸ್ಟಿಕರಿನಲ್ಲಿ ಹೇಳಿದಂತೆ 33 ಪಿಎಸ್‌ಐ ತುಂಬಿಸಿದ್ದೆ. ಬಿಸಿಯಾದ ಮೇಲೆ ಅಳೆದಿರಲೇ ಇಲ್ಲ. ಈ ಸಲ ಪಿಟ್‌ಗೆ ಬಂದ ತಕ್ಷಣ ಗೇಜ್ ಹಿಡಿದರೆ 43! ಟೈರ್ ಉಬ್ಬಿ ನಡುಭಾಗದ ಮೇಲೆಯೇ ಜಾಸ್ತಿ ಓಡುತ್ತಿತ್ತು. ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಬಿಸಿ ಟೈರಿನ ಒತ್ತಡ. ನನ್ನ ಕಾರು, ನನ್ನ ಟೈರಿಗೆ ಮುಂದಿನ ಚಕ್ರಗಳಲ್ಲಿ 35 ಹತ್ತಿರ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಬೆಳಿಗ್ಗೆ 27ರಲ್ಲಿ ಶುರುಮಾಡಿ, ಮೊದಲ ಎರಡು ಲ್ಯಾಪ್ ಮೆಲ್ಲಗೆ ಹೋಗಿ, ಬಂದು ಸರಿಮಾಡಿಕೊಳ್ಳುತ್ತೇನೆ. ಹೆಚ್ಚು ಭಾರ ಹೊರುವ ಎಡ ಟೈರ್ ಹೆಚ್ಚು ಬಿಸಿಯಾಗುತ್ತದೆ, ಅದಕ್ಕೆ ತಣ್ಣಗಿರುವಾಗ ಬಲಕ್ಕಿಂತ ಒಂದು ಪಿಎಸ್‌ಐ ಕಡಿಮೆ. ಮನೆಗೆ ಹೊರಡುವ ಮುಂಚೆ ಮತ್ತೆ ಗಾಳಿ ತುಂಬಿಸಲೇಬೇಕು. ತಣ್ಣಗಾದ ಮೇಲೆ ಅದು ರಸ್ತೆಗೆ ತೀರಾ ಕಡಿಮೆ.

ಇಷ್ಟಕ್ಕೇ ಲ್ಯಾಪ್ ಟೈಮ್ ಇಳಿಯಿತು. ಆದರೆ ಹೊರ ಅಂಚು ಸವೆಯುವುದು ನಿಲ್ಲಲಿಲ್ಲ. ಸೂಜಿ ಚುಚ್ಚಿ ಟೈರಿನ ಬಿಸಿ ಅಳೆಯುವ ಪೈರೋಮೀಟರ್ ತಂದೆ. ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ನೋಡುತ್ತದೆ, ಪಿಟ್‌ಗೆ ಬರುವಷ್ಟರಲ್ಲಿ ಮೇಲ್ಮೈ ತಣ್ಣಗಾಗಿರುತ್ತದೆ. ರಬ್ಬರಿನ ಒಳಗಿನ ಬಿಸಿ ಬೇಕು. ಎಡ ಮುಂದಿನ ಟೈರಿನಲ್ಲಿ ಹೊರಗೆ 98 ಡಿಗ್ರಿ ಸೆಲ್ಸಿಯಸ್, ನಡುವೆ 89, ಒಳಗೆ 73. ಬೇಕಾದದ್ದು ಇದರ ಉಲ್ಟಾ: ಒಳಗಡೆ ಸ್ವಲ್ಪ ಜಾಸ್ತಿ ಬಿಸಿ ಇರಬೇಕು. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ. ಮೊದಲೇ ಚಕ್ರದ ತಲೆಯನ್ನು ಒಳಕ್ಕೆ ಬಾಗಿಸಿಟ್ಟರೆ ಆ ಹೊತ್ತಿಗೆ ಟೈರ್ ನೆಲಕ್ಕೆ ಪೂರ್ತಿ ಕೂರುತ್ತದೆ. ಅದೇ ನೆಗೆಟಿವ್ ಕ್ಯಾಂಬರ್. ಕಂಪನಿ ಕೊಟ್ಟದ್ದು ಅರ್ಧ ಡಿಗ್ರಿ ಇತ್ತು.

ಇಲ್ಲೇ ಟೈರ್ ಫಿಟ್‌ಮೆಂಟ್ ಜೊತೆ ಸಿಕ್ಕು ಬಿದ್ದದ್ದು. ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕೆ ಇರುವ ದೂರ, ಮಿಲಿಮೀಟರಿನಲ್ಲಿ. 6 ಇಂಚು ಅಗಲದ, 45 ಆಫ್‌ಸೆಟ್ ರಿಮ್ ತೆಗೆದು 7 ಇಂಚಿನ, 38 ಆಫ್‌ಸೆಟ್ ರಿಮ್ ಹಾಕಿದ್ದೆ. ಲೆಕ್ಕ ಸುಲಭ. ಅಗಲ ಒಂದು ಇಂಚು ಹೆಚ್ಚಿತು, ಅಂದರೆ ಎರಡೂ ಕಡೆ 12.7 ಮಿಲಿಮೀಟರ್. ಆಫ್‌ಸೆಟ್ 7 ಇಳಿದದ್ದರಿಂದ ರಿಮ್ ಅಷ್ಟು ಹೊರಗೆ ಸರಿಯಿತು. ಹೊರ ಅಂಚು 19.7 ಹೊರಗೆ ಬಂತು, ಒಳ ಅಂಚು 5.7 ಸ್ಟ್ರಟ್‌ನ ಹತ್ತಿರ ಹೋಯಿತು. ಕ್ಯಾಂಬರಿಗೆ ಮಾತ್ರ ಸ್ಟ್ರಟ್‌ನ ಕೆಳಗಿನ ಕ್ಯಾಂಬರ್ ಬೋಲ್ಟ್ ಬಳಸಿದ್ದೆ. ಅದು ಚಕ್ರವನ್ನು ಸ್ಟ್ರಟ್ ಕಡೆಗೇ ಬಾಗಿಸುತ್ತದೆ. ಒಂದು ಸೆಷನ್ ಆದ ಮೇಲೆ ಚಕ್ರ ಬಿಚ್ಚಿದರೆ ಟೈರಿನ ಒಳಗೋಡೆಯ ಮೇಲೆ ಬೆರಳಿನ ಉಗುರಿನಷ್ಟು ಅಗಲದ ಹೊಳೆಯುವ ಗೆರೆ, ಸುತ್ತಲೂ. ಸ್ಟ್ರಟ್‌ನ ಬಣ್ಣ ಅಲ್ಲೇ ಕಿತ್ತುಹೋಗಿತ್ತು. ಆ ದಿನ ಅಲ್ಲಿಗೇ ನಿಲ್ಲಿಸಿದೆ. ಗೋಡೆ ಸವೆದ ಟೈರನ್ನು ವೇಗದಲ್ಲಿ ನಂಬುವ ಹಾಗಿಲ್ಲ, ಅದನ್ನು ಎಸೆದೆ.

ಬದಲಿಗೆ ಸ್ಟ್ರಟ್‌ನ ಮೇಲಿನ ತುದಿಗೆ ಕ್ಯಾಂಬರ್ ಪ್ಲೇಟ್ ಹಾಕಿಸಿದೆ. ಅದರಲ್ಲಿ ಸ್ಟ್ರಟ್ ಮತ್ತು ಚಕ್ರ ಒಟ್ಟಿಗೇ ಬಾಗುತ್ತವೆ, ನಡುವಿನ ಜಾಗ ಹಾಗೇ ಉಳಿಯುತ್ತದೆ. 2.8 ಡಿಗ್ರಿ ಕೊಟ್ಟೆ. ತಲೆ ಒಳಗೆ ಹೋದದ್ದರಿಂದ ಫೆಂಡರ್ ತಾಗುವುದೂ ತಪ್ಪಿತು. ಮುಂದಿನ ಸಲ ಪೈರೋಮೀಟರಿನಲ್ಲಿ ಒಳಗೆ 93, ನಡುವೆ 89, ಹೊರಗೆ 86. ಆ ಮೂರು ಅಂಕೆ ಬರೆದಿಟ್ಟ ಪುಟವನ್ನು ಎಷ್ಟು ಸಲ ತಿರುಗಿಸಿ ನೋಡಿದೆನೋ!

ಟೈರ್ 205/50 ಆರ್15: 205 ಮಿಲಿಮೀಟರ್ ಅಗಲ, ಗೋಡೆಯ ಎತ್ತರ ಅದರ ಶೇಕಡ 50, ರಿಮ್ 15 ಇಂಚು. ಮೊದಲಿದ್ದ 185/60ಕ್ಕಿಂತ ಒಟ್ಟು ವ್ಯಾಸ 17 ಮಿಲಿಮೀಟರ್ ಕಡಿಮೆ. ಸುಮ್ನೆ ಅಷ್ಟಕ್ಕೇ ಕಾರು 8 ಮಿಲಿಮೀಟರ್‌ಗೂ ಹೆಚ್ಚು ತಗ್ಗುತ್ತದೆ, ಎತ್ತರ ಸೆಟ್ ಮಾಡುವಾಗ ಇದನ್ನೂ ಸೇರಿಸಬೇಕು. 225 ಹಾಕುವ ಆಸೆಯಿತ್ತು. 7 ಇಂಚಿನ ರಿಮ್ಮಿಗೆ ಅದನ್ನು ಕೂರಿಸಿದರೆ ಗೋಡೆ ಒಳಕ್ಕೆ ಹಿಂಡಿಕೊಂಡು ತಿರುವಿನಲ್ಲಿ ಓಲಾಡುತ್ತದೆ, ಅಗಲದ ಲಾಭ ಸಿಗುವುದಿಲ್ಲ. ಹೊಸ ರಿಮ್ ಹಾಕಿದವರು ಮೊದಲ ಸೆಷನ್ ಆದ ಮೇಲೆ, ಚಕ್ರ ತಣಿದಾಗ, ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ದಯವಿಟ್ಟು ಬಿಡಬೇಡಿ.

ಕ್ಯಾಂಬರ್ ಬದಲಾದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು, ತಾನಾಗೇ ಕೆಡುತ್ತದೆ. ಅದನ್ನು ಮನೆಯಲ್ಲೇ ದಾರ ಕಟ್ಟಿ ಅಳೆಯುತ್ತೇನೆ: ಕಾರಿನ ಎರಡೂ ಪಕ್ಕ ಸಮಾನಾಂತರವಾಗಿ ದಾರ, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಎಷ್ಟು ದೂರ ಎಂದು ಸ್ಕೇಲ್. ಮುಂದೆ ಪ್ರತಿ ಚಕ್ರ ಒಂದು ಮಿಲಿಮೀಟರ್ ಟೋ ಔಟ್, ಅಂದರೆ ಹೊರಕ್ಕೆ. ತಿರುವಿಗೆ ಇಳಿಯುವಾಗ ಚುರುಕು ಬರುತ್ತದೆ. ಜಾಸ್ತಿ ಕೊಟ್ಟರೆ ಟೈರಿನ ಒಳ ಅಂಚು ಹೆದ್ದಾರಿಯಲ್ಲೇ ಸವೆಯುತ್ತದೆ.

ಡ್ಯಾಂಪರಿನ ಬಿಗಿತ ಬದಲಿಸುವ ಕ್ಲಿಕ್‌ಗಳನ್ನು ಕೊನೆಗೆ ಮುಟ್ಟಿದೆ, ಅದೂ ಒಂದು ಸಲಕ್ಕೆ ಎರಡೇ ಕ್ಲಿಕ್, ಬೇರೆ ಏನನ್ನೂ ಬದಲಿಸದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮಿಗೆ ಬಿಗಿದ, ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ನಿಂದ. ಹಿಂಭಾಗ ಗಟ್ಟಿಯಾದಂತೆ ಮೂತಿ ಒಳಕ್ಕೆ ಬಂತು. ಬಿಗಿ ತಿರುವಿನಲ್ಲಿ ಈಗ ಹಿಂದಿನ ಒಳಚಕ್ರ ನೆಲ ಬಿಟ್ಟು ಏಳುತ್ತದೆ, ಈ ಬಗೆಯ ಕಾರಿಗೆ ಅದು ಸಹಜ. ಆದರೆ ನಡುತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಗೆ ಬೀಸುತ್ತದೆ. ಹಾಗಾಗಿ ಮಳೆ ಬಂದ ದಿನ ಬಾರ್‌ನ ಎರಡು ಬೋಲ್ಟ್ ಬಿಚ್ಚಿ ಅದನ್ನು ಪಿಟ್‌ನಲ್ಲೇ ಇಟ್ಟು ಹೋಗುತ್ತೇನೆ.