ಮಲೆನಾಡಿನಿಂದ ಸಿನಿಮಾ ವಿಮರ್ಶೆ: ಅಂಗಳದಲ್ಲಿ ನಿಂತವರನ್ನು ನೋಡುವುದು ಹೇಗೆ

ಪತ್ರಕರ್ತರಿಗೆಂದೇ ಏರ್ಪಡಿಸುವ ಪ್ರೆಸ್ ಶೋ ಬೆಂಗಳೂರಿನವರಿಗೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಕೂತು ಬರೆಯುವವರಿಗೆ ಸಾಮಾನ್ಯವಾಗಿ ಶುಕ್ರವಾರ ಬೆಳಗಿನ ಮೊದಲ ಆಟವೇ ಗತಿ, ಟಿಕೆಟ್ಟೂ ಸ್ವಂತ ದುಡ್ಡಿನದೇ. ಇದರಲ್ಲಿ ನಷ್ಟವೇನಿಲ್ಲ. ಯಾರ ಹಂಗೂ ಇರುವುದಿಲ್ಲ. ಯಾವ ಮಾತಿಗೆ ಸೀಟಿ ಬಿತ್ತು, ಯಾವ ಬೈಗುಳಕ್ಕೆ ಜನ ನಕ್ಕರು, ಯಾರು ನಗಲಿಲ್ಲ ಎಂಬುದೂ ಸಿಗುತ್ತದೆ.

ಹಾಲ್‌ನೊಳಗೆ ಬೇಕಾದದ್ದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ನು ಬೇಡ, ಶಾಯಿ ನಿಂತದ್ದು ಕತ್ತಲಲ್ಲಿ ಗೊತ್ತಾಗುವುದಿಲ್ಲ. ಒಂದು ಪುಟಕ್ಕೆ ಒಂದೇ ಟಿಪ್ಪಣಿ, ದಪ್ಪ ಅಕ್ಷರದಲ್ಲಿ. ಇಲ್ಲದಿದ್ದರೆ ಸಾಲಿನ ಮೇಲೆ ಸಾಲು ಬಿದ್ದು ಮನೆಗೆ ಬಂದಾಗ ಏನೂ ಓದಲಾಗುವುದಿಲ್ಲ. ಆಟ ಶುರುವಾದ ಹೊತ್ತು, ಇಂಟರ್ವೆಲ್ ಹೊತ್ತು ಬರೆದಿಟ್ಟುಕೊಂಡರೆ ದೃಶ್ಯ ಎಲ್ಲಿ ಬಂತೆಂದು ಅಂದಾಜಾಗುತ್ತದೆ. ಮೊಬೈಲ್ ಜೇಬಿನಲ್ಲೇ ಇರಲಿ. 'ಬರೀ ಒಂದು ಸಂಭಾಷಣೆಗೆ' ಎಂದು ರೆಕಾರ್ಡ್ ಮಾಡುವುದೂ ಅಪರಾಧ: 2023ರ ತಿದ್ದುಪಡಿಯ ನಂತರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಇದಕ್ಕೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ಬರೆದುಕೊಳ್ಳುವಾಗ ಕಂಡದ್ದನ್ನು ಮಾತ್ರ ಬರೆಯಿರಿ. ಅನಿಸಿದ್ದು ರಾತ್ರಿಗೆ. 'ಶೋಷಣೆ' ಎಂದು ಗೀಚಿದ ಟಿಪ್ಪಣಿ ಬರೆಯಲು ಕೂತಾಗ ಯಾವ ಕೆಲಸಕ್ಕೂ ಬರುವುದಿಲ್ಲ. 'ಒಡೆಯ ಜಗಲಿ ಮೇಲೆ, ಆಳು ಅಂಗಳದಲ್ಲಿ, ಆಳಿನ ತಲೆ ಫ್ರೇಮಿನ ಹೊರಗೆ' ಎಂಬುದು ಬರುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕೆಲಸವನ್ನು. ಮಲೆನಾಡಿನಲ್ಲಿ ಚಿತ್ರೀಕರಿಸಿದ ಸಿನಿಮಾಗಳಿಗೆ ಅಡಿಕೆ ತೋಟ, ಮಂಜು, ಮಳೆ ಎಂದರೆ ಹಾಡಿಗೊಂದು ಹಿನ್ನೆಲೆ. ಆ ತೋಟದಲ್ಲಿ ಮರ ಹತ್ತುವವನು ಯಾರು? ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಮರ ಏರುವವನು ತೆರೆಯಲ್ಲಿ ಒಮ್ಮೆಯಾದರೂ ಕಂಡನೇ? ಕೊಯ್ಲಿನ ಕಾಲಕ್ಕೆ ರಾತ್ರಿ ಕೂತು ಅಡಿಕೆ ಸುಲಿಯುವ ಹೆಂಗಸರಿಗೆ ಮಾತಿದೆಯೇ, ಅಥವಾ ನಾಯಕಿ ಹಾದುಹೋಗುವಾಗ ನಗುವುದಷ್ಟೇ ಅವರ ಪಾಲೇ? ಕೆಲಸದವರಿಗೆ ಹೆಸರಿದೆಯೇ, ಆ ಹೆಸರನ್ನು ಯಾರಾದರೂ ಕರೆದರೇ ಎಂದು ಗಮನಿಸಿ. ಯಾರು ಯಾರಿಗೆ 'ಒಡೆಯಾ' ಎನ್ನುತ್ತಾರೆ, ಯಾರು ಯಾರನ್ನು 'ಬಾರೋ' ಎಂದು ಕೂಗುತ್ತಾರೆ, ಕಥೆ ಮುಗಿಯುವ ಹೊತ್ತಿಗೆ ಅದು ಬದಲಾಯಿತೇ? ಊಟದ ದೃಶ್ಯ ಬಂದರೆ ಬಿಡಲೇಬಾರದು. ಯಾರು ಒಳಗೆ ಕೂತರು, ಯಾರಿಗೆ ಹೊರಗೆ ಬಡಿಸಿದರು, ಎಲೆ ತೆಗೆದವರು ಯಾರು ಎಂಬುದರಲ್ಲಿ ಮನೆಯ ಜಾತಿ ಲೆಕ್ಕವೆಲ್ಲ ಇರುತ್ತದೆ. ಭಾಷೆಯೂ ಹಾಗೆಯೇ. ಯಜಮಾನನಿಗೆ ಗ್ರಾಂಥಿಕ ಕನ್ನಡ, ಕೆಲಸದವನಿಗೆ ಮಾತ್ರ ಊರ ಆಡುಮಾತು, ಅದೂ ನಗಿಸಲಿಕ್ಕೆ ಎಂದಾದರೆ ಅದನ್ನು ದಾಖಲಿಸಿ.

ಆಮೇಲೆ ಕಾಲ. ಭೂಮಿಯ ಕಥೆಯಾದರೆ ಕೆಲವು ಇಸವಿಗಳು ಬಾಯಲ್ಲೇ ಇರಬೇಕು. ಸಾಗರದ ಹತ್ತಿರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಉಳುವ ಗೇಣಿದಾರನಿಗೇ ಭೂಮಿಯ ಹಕ್ಕು ಕೊಟ್ಟ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಎಪ್ಪತ್ತರ ದಶಕದ ಕಥೆಯಲ್ಲಿ ಧಣಿ ಕಣ್ಣೀರು ಹಾಕಿ ಗೇಣಿದಾರನಿಗೆ ಜಮೀನು 'ದಾನ' ಕೊಟ್ಟರೆ, ಕೇಳಬೇಕಾದ ಪ್ರಶ್ನೆ ಸರಳ: ಡಿಕ್ಲರೇಷನ್ (ಹಕ್ಕು ಕೇಳುವ ಅರ್ಜಿ) ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರು ಈ ಊರಲ್ಲಿ ಇರಲೇ ಇಲ್ಲವೇ? ಹಕ್ಕನ್ನು ಔದಾರ್ಯ ಮಾಡಿ ತೋರಿಸುವುದು ಸಿನಿಮಾದ ಹಳೆಯ ಚಾಳಿ. ರಾಜಧಾನಿಯ ವಿಮರ್ಶಕರ ಕಣ್ಣು ತಪ್ಪಬಹುದು, ಇಲ್ಲಿನವರದು ತಪ್ಪಬಾರದು.

ಹೊಸಬರು ಎಡವುವ ಮೊದಲ ಜಾಗ 'ಸಂದೇಶ'. ಕ್ಲೈಮ್ಯಾಕ್ಸಿನಲ್ಲಿ ನಾಯಕ ಸಮಾನತೆಯ ಭಾಷಣ ಮಾಡಿದನೆಂದು ನಾಲ್ಕು ಸ್ಟಾರ್ ಕೊಟ್ಟುಬಿಡುತ್ತಾರೆ. ಅದಕ್ಕೆ ಮುಂಚಿನ ಎರಡು ಗಂಟೆ ಯಾರಿಗಾಗಿ ಆ ಹೋರಾಟವೋ ಅವರೇ ಗುಂಪಿನಲ್ಲಿ ಕೈಕಟ್ಟಿ ನಿಂತಿದ್ದನ್ನು ಮರೆಯುತ್ತಾರೆ. ಅದರ ಉಲ್ಟಾ ತಪ್ಪೂ ಇದೆ: ಅನ್ಯಾಯವನ್ನು ತೋರಿಸಿದ್ದನ್ನೇ ಅನ್ಯಾಯದ ಸಮರ್ಥನೆ ಎಂದುಕೊಳ್ಳುವುದು. ತೋರಿಸುವಾಗ ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎಂಬುದೇ ಉತ್ತರ. ಗಿರೀಶ ಕಾಸರವಳ್ಳಿಯವರ 'ದ್ವೀಪ'ದಲ್ಲಿ (2002) ಅಣೆಕಟ್ಟಿನ ಮುಳುಗಡೆಯ ನೀರಿನ ನಡುವೆ ಮನೆ ಉಳಿಸಿಕೊಳ್ಳಲು ಹೆಣಗುವವಳು ನಾಗಿ, ಗಂಡ ಕೊನೆಗೆ ಅದನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಅಲ್ಲಿ ಭಾಷಣವೇನೂ ಇಲ್ಲ. ಆದರೆ ಅವಳ ದುಡಿಮೆಯನ್ನು ಅಷ್ಟು ಹೊತ್ತು ನಾವೇ ಕಂಡಿರುವುದರಿಂದ ಅವನ ಮಾತು ಚುಚ್ಚುತ್ತದೆ.

ಇದನ್ನು ರೂಢಿಸಿಕೊಳ್ಳಲು ಒಂದು ದಾರಿ: ನೋಡಿದ ಸಿನಿಮಾದ ಹತ್ತು ನಿಮಿಷವನ್ನು ಸೌಂಡ್ ಬಂದ್ ಮಾಡಿ ಮತ್ತೆ ನೋಡುವುದು. ಸಂಗೀತ, ಸಂಭಾಷಣೆ ಇಲ್ಲದಾಗ ಯಾರು ನಡುವೆ, ಯಾರು ಮೂಲೆಯಲ್ಲಿ ಎಂಬುದು ತಾನಾಗಿ ಎದ್ದು ಬರುತ್ತದೆ. (ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿದ ಜಿಲ್ಲೆ ಇದು, ಇಲ್ಲಿ ಸಿನಿಮಾ ಓದುವುದು ಹೊಸ ವಿದ್ಯೆಯೇನಲ್ಲ.)

ಕಥೆ ಹಸಲರದ್ದೋ ದೀವರದ್ದೋ ಆಗಿದ್ದರೆ, ಆ ಸಮುದಾಯದ ಇಬ್ಬರು ಮೂವರೊಡನೆ ಮಾತಾಡಿ. 'ನಿಮ್ಮವರನ್ನು ಸರಿಯಾಗಿ ತೋರಿಸಿದ್ದಾರಾ?' ಎಂದು ಕೇಳಬೇಡಿ, 'ಚೆನ್ನಾಗಿದೆ' ಎಂಬುದಕ್ಕಿಂತ ಹೆಚ್ಚೇನೂ ಬರುವುದಿಲ್ಲ. 'ಆ ಮದುವೆ ಮನೆಯಲ್ಲಿ ಮಾಡಿದ್ದು ನಿಮ್ಮಲ್ಲಿ ಇದೆಯಾ?' ಎಂದು ಒಂದೇ ಸಂಗತಿ ಹಿಡಿದು ಕೇಳಿ. ಒಪ್ಪಿಗೆ ಇಲ್ಲದೆ ಅವರ ಹೆಸರು, ಜಾತಿ ಅಚ್ಚಿಗೆ ಹೋಗಕೂಡದು. ನಟನಟಿಯರ ಜಾತಿಯನ್ನು ಊಹಿಸಿ ಬರೆಯುವುದಂತೂ ಬೇಡವೇ ಬೇಡ.

ಬರಹ 600 ಪದದ್ದಾದರೆ ಕಥೆಗೆ 80 ಸಾಕು, ಅದೂ ಇಂಟರ್ವೆಲ್‌ವರೆಗೆ. ನಟನೆ, ಛಾಯಾಗ್ರಹಣ, ಸಂಕಲನಕ್ಕೆ 150. ಕಾಳಜಿ ಒಳ್ಳೆಯದೆಂದು ಕೆಟ್ಟ ಕಸುಬನ್ನು ಕ್ಷಮಿಸಿದರೆ ಓದುಗರು ಮುಂದಿನ ವಾರ ನಂಬುವುದಿಲ್ಲ. ಉಳಿದ ಜಾಗವೆಲ್ಲ ಎರಡೇ ಎರಡು ದೃಶ್ಯಗಳಿಗೆ, ಬಿಡಿಸಿ ಬಿಡಿಸಿ. 'ಚಿತ್ರ ಜಾತಿವಾದಿ' ಎಂಬ ಸಾಲಿಗಿಂತ 'ತೋಟದ ಆಳು ಐದು ದೃಶ್ಯಗಳಲ್ಲಿ ಬರುತ್ತಾನೆ, ಒಂದರಲ್ಲೂ ಯಾರೂ ಅವನ ಹೆಸರು ಹಿಡಿದು ಕರೆಯುವುದಿಲ್ಲ' ಎಂಬ ಸಾಲನ್ನು ನಿರ್ಮಾಪಕರೂ ಅಲ್ಲಗಳೆಯಲಾರರು. ಕಾನೂನಿನಲ್ಲೂ ಇದೇ ಕ್ಷೇಮ: ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಸಾರ್ವಜನಿಕರ ಮುಂದಿಟ್ಟ ಕೃತಿಯ ಗುಣದೋಷವನ್ನು ಸದುದ್ದೇಶದಿಂದ ಹೇಳುವುದನ್ನು ಮಾನಹಾನಿಯಿಂದ ಹೊರಗಿಟ್ಟಿದೆ. ಆ ರಕ್ಷಣೆ ಕೃತಿಯ ಮಾತಿಗೆ. ನಿರ್ದೇಶಕರ ಖಾಸಗಿ ಬದುಕಿಗೆ ಕೈಹಾಕಿದರೆ ಅದು ದಕ್ಕುವುದಿಲ್ಲ.

ಚಿತ್ರತಂಡದ ಜಾಹೀರಾತು ಅದೇ ಪುಟದಲ್ಲಿ ಬರುವುದಿದ್ದರೆ, ಸ್ಟಾರ್ ಎಷ್ಟೆಂಬುದನ್ನು ಬರಹದ ಜೊತೆಗೇ ಕಳಿಸಿ, ಡೆಸ್ಕಿಗೆ ಬಿಡಬೇಡಿ. ಸಂಭಾಷಣೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು ಕೇಳಿದ ಕೂಡಲೇ ಬರೆದುಕೊಂಡಿದ್ದರೆ ಮಾತ್ರ, ಇಲ್ಲವಾದರೆ ಸಾರಾಂಶ ಸಾಕು. ಸಿನಿಮಾ ಓಟಿಟಿಗೆ ಬಂದಾಗ ಆ ಎರಡು ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದುಪಡಿಯನ್ನು ತಾರೀಖಿನ ಸಮೇತ ಅದೇ ಅಂಕಣದಲ್ಲಿ ಹಾಕಿಸಿ.