ತೇಲಿದ್ದು ಸಾಲಲಿಲ್ಲ

ರಾಯಚೂರಿನಲ್ಲಿ ಎಂ.ಫಾರ್ಮ್ ಓದುವಾಗ ನಾನು ಆರಿಸಿಕೊಂಡ ವಿಷಯ, ಜಠರದಲ್ಲಿ ತೇಲುತ್ತಾ ಹೆಚ್ಚು ಹೊತ್ತು ನಿಲ್ಲುವ ಔಷಧದ ಮಣಿಗಳು. ಗುರಿ, ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹೊಟ್ಟೆಹುಣ್ಣು ಎಂದರೆ ನಮ್ಮ ಕಡೆ ಇಂದಿಗೂ ಮಿರ್ಚಿ-ಒಗ್ಗರಣೆಯನ್ನೇ ಬೈಯುತ್ತಾರೆ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಆದರೂ ಮಿರ್ಚಿಯ ಮೇಲಿನ ಆರೋಪ ಇನ್ನೂ ಖುಲಾಸೆಯಾಗಿಲ್ಲ.

ನುಂಗಿದ ಮಾತ್ರೆ ಕೆಲವೇ ಗಂಟೆಗಳಲ್ಲಿ ಜಠರ ದಾಟಿಬಿಡುತ್ತದೆ. ರೋಗಾಣು ಮಾತ್ರ ಯೂರಿಯೇಸ್ ಕಿಣ್ವದಿಂದ ಅಮೋನಿಯ ತಯಾರಿಸಿಕೊಂಡು, ಸುತ್ತಲಿನ ಆಮ್ಲವನ್ನು ತಣಿಸುತ್ತಾ ಲೋಳೆಯ ಅಡಿಯಲ್ಲಿ ಹಾಯಾಗಿರುತ್ತದೆ. ರೋಗಿಗಳು ಮೂರು ನಾಲ್ಕು ಬಗೆಯ ಮಾತ್ರೆಗಳನ್ನು ಹದಿನಾಲ್ಕು ದಿನ ನುಂಗಬೇಕಾಗುವುದಕ್ಕೆ ಇದೂ ಒಂದು ಕಾರಣ.

ಸೋಡಿಯಂ ಆಲ್ಜಿನೇಟ್ ಎಂದರೆ ಕಡಲಪಾಚಿಯ ಅಂಟು. ಅದನ್ನು ನೀರಿನಲ್ಲಿ ಕಲಸಿ, ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಸಿದರೆ ಮುಟ್ಟಿದ ಕ್ಷಣವೇ ಮಣಿ ಕಟ್ಟುತ್ತದೆ. ಬೂಂದಿ ಕರಿದವರಿಗೆ ಇದು ಹೊಸದಲ್ಲ: ಗಟ್ಟಿಯಾದರೆ ಬಾಲ ಬರುತ್ತದೆ, ತೆಳುವಾದರೆ ಚಪ್ಪಟೆಯಾಗುತ್ತದೆ. ಮಣಿಗಳನ್ನು ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಔಷಧವೇ ಹೊರಗೆ ಸೋರಿಹೋಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಓವನ್ ಯಾಕೆ, ರಾಯಚೂರಿನ ಬಿಸಿಲೇ ಸಾಕು ಎಂದು ತಟ್ಟೆಯನ್ನು ಕಿಟಕಿಯ ಬಳಿ ಇಟ್ಟೆ. ಸಂಜೆಗೆ ಮಣಿಗಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ, ಕೆಲವು ಬಿರುಕು ಬಿಟ್ಟಿದ್ದವು. ಅಮಾಕ್ಸಿಸಿಲಿನ್ ಬಿಸಿಯನ್ನು ತಾಳುವಂಥದ್ದೂ ಅಲ್ಲ. ಎಲ್ಲವನ್ನೂ ಚೆಲ್ಲಿದೆ.

ಕೊನೆಗೊಂದು ದಿನ ತೇಲಿದವು. 37 ಡಿಗ್ರಿಯ 900 ಮಿಲಿಲೀಟರ್ ಆಮ್ಲದಲ್ಲಿ ಮೊದಲು ಮುಳುಗಿ, ಒಳಗಿನ ಕಾರ್ಬೊನೇಟ್ ಗಾಳಿಗುಳ್ಳೆ ಹುಟ್ಟಿಸಿದಂತೆ ಒಂದೊಂದೇ ಮೇಲೆದ್ದವು. ಫೋಟೊ ತೆಗೆದು ಅವ್ವನಿಗೂ ಕಳಿಸಿದೆ. ಮಾರ್ಗದರ್ಶಕರು ಮೊಬೈಲ್ ನೋಡಿ, "ಪೈಲೋರಿ ಹೆಚ್ಚಾಗಿ ಜಠರದ ಯಾವ ಭಾಗದಲ್ಲಿರುತ್ತದಮ್ಮಾ?" ಎಂದರು.

"ಕೆಳಗೆ ಸರ್, ಆಂಟ್ರಮ್‌ನಲ್ಲಿ."

"ನಿನ್ನ ಮಣಿಗಳು?"

ನಾನು ಮೊಬೈಲ್ ಒಳಗಿಟ್ಟೆ. ತೇಲುವ ಮಣಿ ಮೇಲೆಯೇ ಉಳಿದು ಔಷಧ ಬಿಡುತ್ತದೆ, ಅದೂ ಹೊಟ್ಟೆಯಲ್ಲಿ ಊಟ, ನೀರು ಇದ್ದರೆ. ಖಾಲಿ ಹೊಟ್ಟೆಯಲ್ಲಿ ಒಂದೂವರೆ ಎರಡು ಗಂಟೆಗೊಮ್ಮೆ ಏಳುವ ಅಲೆ ಎಲ್ಲವನ್ನೂ ಗುಡಿಸಿ ಕರುಳಿಗೆ ತಳ್ಳುತ್ತದೆ. ಈ ಕ್ಷೇತ್ರದಲ್ಲಿ ಬೀಕರಿನ ಚಿತ್ರಕ್ಕೆ ಸಿಗುವಷ್ಟು ಮರ್ಯಾದೆ ಈ ಪ್ರಶ್ನೆಗೆ ಸಿಗುವುದಿಲ್ಲ ಎಂಬುದು ನನ್ನ ದೂರು. ನಾನೂ ಅದೇ ಸಾಲಿನಲ್ಲಿದ್ದೆ.

ಹಾಗಾಗಿ ಮಣಿಗಳಿಗೆ ಕೈಟೋಸಾನ್ ಲೇಪಿಸಿದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಇದರ ಧನ ಆವೇಶ ಲೋಳೆಯ ಋಣ ಆವೇಶಕ್ಕೆ ಅಂಟಿಕೊಳ್ಳುತ್ತದೆ. ಪರೀಕ್ಷೆಗೆ ಮೇಕೆಯ ಜಠರ ಬೇಕಿತ್ತು. ಬೆಳಗಿನ ಜಾವ ಐಸ್ ಡಬ್ಬಿ ಹಿಡಿದು ಮಟನ್ ಅಂಗಡಿಗೆ ಹೋದೆ. "ತೊಳೆಯಬೇಡಿ ಚಾಚಾ, ಹಾಗೆಯೇ ಕೊಡಿ" ಎಂದಾಗ ಅವರು ಕತ್ತಿ ಕೆಳಗಿಟ್ಟು, "ಬೋಟಿ ಒಯ್ಯುವವರೆಲ್ಲ ಚೆನ್ನಾಗಿ ತೊಳೆದುಕೊಡು ಎನ್ನುತ್ತಾರೆ, ನೀನೊಬ್ಬಳೇ ಬೇಡ ಎನ್ನುತ್ತೀಯಲ್ಲಮ್ಮಾ" ಎಂದರು. ಲೋಳೆಯೇ ನನಗೆ ಬೇಕಾದ ಮಾಲು ಎಂದು ಹೇಗೆ ಹೇಳಲಿ?

ಎರಡು ದಿನ ಒಂದು ಮಣಿಯೂ ಸರಿಯಾಗಿ ಅಂಟಲಿಲ್ಲ. ತಪ್ಪು ನನ್ನದೇ. ಮೇಕೆಯ ಹೊಟ್ಟೆಗೆ ನಾಲ್ಕು ಕೋಣೆ. ನಾನು ತಂದದ್ದು ಟವೆಲ್ಲಿನಂತೆ ದೊರಗಾದ ಮೊದಲನೆಯದು. ಮನುಷ್ಯನ ಜಠರದಂತೆ ಆಮ್ಲ, ಲೋಳೆ ಸುರಿಸುವುದು ನಾಲ್ಕನೆಯದು, ನುಣುಪಾಗಿ ಮಡಿಕೆ ಮಡಿಕೆಯಾಗಿರುತ್ತದೆ. ಮೂರನೆಯ ದಿನ ಅದನ್ನೇ ಕೇಳಿ ತಂದು, ಗಾಜಿನ ಪಟ್ಟಿಗೆ ಕಟ್ಟಿ, ಐವತ್ತು ಮಣಿ ಹರಡಿ, ಆಮ್ಲದಲ್ಲಿ ಮೇಲೆ ಕೆಳಗೆ ಆಡಿಸಿದೆ. ಲೇಪವಿಲ್ಲದವು ಬೇಗನೆ ಉದುರಿದವು. ಲೇಪವಿದ್ದವುಗಳನ್ನು ಗಂಟೆಯ ನಂತರ ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದವು.

ಆದರೆ ಅದು ಸತ್ತ ಜಠರ. ಬದುಕಿರುವ ಜಠರ ತನ್ನ ಲೋಳೆಯನ್ನು ಸದಾ ಕಳಚುತ್ತಾ ಹೊಸದನ್ನು ಕಟ್ಟುತ್ತಿರುತ್ತದೆ, ಅಂಟಿದ ಮಣಿಯೂ ಅದರ ಜೊತೆ ಹೊರಡುತ್ತದೆ. ಪ್ರಬಂಧದಲ್ಲಿ ಇದನ್ನೂ ಬರೆದೆ. ತೇಲುವ ಮಣಿಗಳ ಫೋಟೊ ಹಾಕಿದೆ, ಒಳಪುಟದಲ್ಲಿ, ಚಿಕ್ಕದಾಗಿ.