ಬಾಯಿ ಕ್ಯಾನ್ಸರ್: ಯಾವ ಚಿಕಿತ್ಸೆ, ಯಾವಾಗ?

ಬಾಯಲ್ಲಿ ಹುಣ್ಣಾಗಿ ಮೂರು ವಾರವಾದರೂ ಮಾಯುತ್ತಿಲ್ಲವೇ? ಮುಲಾಮು ಹಚ್ಚಿಕೊಂಡು ಸುಮ್ನೆ ಕೂರಬೇಡಿ. ಹೊಗೆಸೊಪ್ಪು, ಗುಟ್ಕಾ ಜಗಿಯುವವರಂತೂ ಕೂರಲೇಬಾರದು.

ಮೊದಲು ಬಯಾಪ್ಸಿ. ಹುಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಪರೀಕ್ಷಿಸುತ್ತಾರೆ. ಹುಣ್ಣು ಮುಟ್ಟಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಜಾಸ್ತಿ. ಅದನ್ನು ನಂಬಿ ತಿಂಗಳುಗಟ್ಟಲೆ ತಡ ಮಾಡಬೇಡಿ. ಕ್ಯಾನ್ಸರ್ ಎಂದು ಗೊತ್ತಾದರೆ ಮುಂದೆ ಸ್ಕ್ಯಾನಿಂಗ್.

ನಂತರ ಆಪರೇಷನ್. ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಇದೇ ಮೊದಲ ಚಿಕಿತ್ಸೆ. ಗಡ್ಡೆಯ ಜೊತೆ ಸುತ್ತಲಿನ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ತೆಗೆಯುತ್ತಾರೆ. ‘ಗಡ್ಡೆ ಇರೋದು ನಾಲಿಗೆಯಲ್ಲಿ, ಕತ್ತು ಯಾಕೆ ಕೊಯ್ಯಬೇಕು?’ ಎಂದು ಮನೆಯವರು ಕೇಳುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆರಂಭದ ಹಂತದಲ್ಲೇ ಕತ್ತಿನ ದುಗ್ಧಗ್ರಂಥಿಗಳನ್ನೂ (ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಸಣ್ಣ ಗಂಟುಗಳು, ಲಿಂಫ್ ನೋಡ್) ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ 80ರಷ್ಟು ಮಂದಿ ಬದುಕಿದ್ದರು. ಕತ್ತಿಗೆ ಹರಡಿದ ಮೇಲೆ ತೆಗೆಸಿಕೊಳ್ಳಲು ಕಾದವರಲ್ಲಿ ಶೇ 67.5 ಮಾತ್ರ. ಹಾಗಾಗಿ ಡಾಕ್ಟರ್ ಕತ್ತಿನ ಆಪರೇಷನ್ ಕೂಡ ಬೇಕು ಎಂದರೆ ಒಪ್ಪಿಕೊಳ್ಳಿ. ದವಡೆ ಮೂಳೆ ತೆಗೆಯಬೇಕಾದರೂ ಧೈರ್ಯಗೆಡಬೇಡಿ. ಮೊಣಕಾಲ ಕೆಳಗಿನ ತೆಳು ಮೂಳೆಯಿಂದ ಹೊಸ ದವಡೆ ಕೂರಿಸುತ್ತಾರೆ.

ಆಮೇಲೆ ರೇಡಿಯೇಷನ್, ಅಂದರೆ ಜನ ಹೇಳುವ ‘ಕರೆಂಟ್ ಕೊಡೋದು’. ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು 30 ಸಲ. ಕತ್ತಿನ ಗ್ರಂಥಿಯ ಹೊದಿಕೆಯನ್ನು ಕ್ಯಾನ್ಸರ್ ದಾಟಿದ್ದರೆ ಅಥವಾ ಕೊಯ್ದ ಅಂಚಿನಲ್ಲಿ ಉಳಿದಿದ್ದರೆ ಜೊತೆಗೆ ಕೀಮೋ, ಅಂದರೆ ಕ್ಯಾನ್ಸರ್ ಕೋಶ ಕೊಲ್ಲುವ ಔಷಧ ಕೊಡುತ್ತಾರೆ. ರೇಡಿಯೇಷನ್‌ಗೆ ಮೊದಲೇ ಹಲ್ಲಿನ ಡಾಕ್ಟರ್‌ಗೆ ತೋರಿಸಿ, ಹುಳುಕು ಹಲ್ಲು ಕೀಳಿಸಿಕೊಳ್ಳಿ. ಆಮೇಲೆ ಕಿತ್ತರೆ ದವಡೆ ಗಾಯ ಮಾಯುವುದು ಕಷ್ಟ.

ದುಡ್ಡಿನ ಚಿಂತೆಯೇ? ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕೊನೆಯದು ಮನೆಯಲ್ಲಿ ಮಾಡುವ ಕೆಲಸ: ಬಾಯಿ ತೆರೆಯುವ ವ್ಯಾಯಾಮ. ಬಿಟ್ಟರೆ ದವಡೆ ಬಿಗಿದುಕೊಳ್ಳುತ್ತದೆ. ನಮ್ಮ ಚಿಕ್ಕಪ್ಪ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳುತ್ತಿದ್ದರು. ಮೊದಲು ಹನ್ನೊಂದು ಕಡ್ಡಿ. ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ವಾರ ಕಳೆದ ಮೇಲೆ ಹನ್ನೆರಡು. ಹದಿನೆಂಟನೆಯ ಕಡ್ಡಿ ಹಿಡಿಸಿದ ದಿನ ಚಿಕ್ಕಮ್ಮ ರಾಗಿಮುದ್ದೆ ಮಾಡಿ ಬಡಿಸಿದರು.